ಅರಮನೆ ಪುಸ್ತಕ ಸಾಕು, ಆ ನೀಲಿ ಪೇಪರ್ ಎಲ್ಲಿ?

ತಿಂಗಳಿಗೊಬ್ಬರಾದ್ರೂ ಬರ್ತಾರೆ, ಆಟೋದಲ್ಲಿ ಒಂದು ರಟ್ಟಿನ ಡಬ್ಬ ಇಟ್ಕೊಂಡು. ಒಳಗೇನಿದೆ ಅಂತ ಬಿಚ್ಚೋಕೆ ಮುಂಚೇನೇ ಹೇಳ್ಬಿಡ್ತೀನಿ, ಮೈಸೂರು ಅರಮನೆ ಫೋಟೋ ಪುಸ್ತಕ. ಫಳಫಳ ಹೊಳೆಯೋ ಆರ್ಟ್ ಪೇಪರು, ಎತ್ತಿದ್ರೆ ಕೈ ನೋಯತ್ತೆ, ರಿಟೈರ್ಮೆಂಟ್ ದಿನ ಆಫೀಸಲ್ಲಿ ಕೊಟ್ಟಿದ್ದು, ಮೊದಲ ಪುಟದಲ್ಲಿ ಎಲ್ಲರ ಸೈನು. ಪ್ರೀತಿಯಿಂದ ತಂದಿರ್ತಾರೆ, ಬೇಡ ಅನ್ನೋಕೆ ಬಾಯಿ ಬರಲ್ಲ. ಆದ್ರೆ ನಮ್ಮ ಲೈಬ್ರರಿಯ ಕಲೆ-ವಾಸ್ತುಶಿಲ್ಪದ ಶೆಲ್ಫಲ್ಲಿ ಅರಮನೆ ಈಗಾಗ್ಲೇ ಒಂಬತ್ತು ಸಲ ಇದೆ. 1897ರಲ್ಲಿ ಮರದ ಅರಮನೆ ಸುಟ್ಟೋಯ್ತು, ಹೆನ್ರಿ ಇರ್ವಿನ್ ಹೊಸದಕ್ಕೆ ಡಿಸೈನ್ ಮಾಡ್ದ, 1912ಕ್ಕೆ ಮುಗೀತು, ಇಷ್ಟನ್ನೇ ಒಂಬತ್ತರಲ್ಲೂ ಓದಬೋದು, ದಸರಾ ಲೈಟಿನ ಫೋಟೋ ಸಮೇತ.

ಹೋದ ವರ್ಷ ಸರಸ್ವತಿಪುರಂನಿಂದ ಒಬ್ಬ ಹಿರಿಯರು ಬಂದ್ರು. ಡಬ್ಬ ತುಂಬ ಅದೇ ಪುಸ್ತಕಗಳು, ಮೂಲೆ ಮುರೀಬಾರ್ದು ಅಂತ ಸಂದಿಗೆಲ್ಲ ಹಳೇ ಪೇಪರ್ ತುರುಕಿದ್ರು. ಒಂದು ಎಳೆದ್ರೆ ನೀಲಿ ಬಣ್ಣ, ಮೇಲೆ ಬಿಳಿ ಗೆರೆ. ಬಿಡಿಸಿದ್ರೆ ಇಡೀ ಮನೆ. ಜಗಲಿ, ನಡುಮನೆ, ಹಿತ್ತಲಲ್ಲಿ ಬಚ್ಚಲು, ಪಕ್ಕದಲ್ಲಿ ಮದ್ರಾಸ್ ತಾರಸಿಯ, ಅಂದ್ರೆ ಮರದ ತೊಲೆ ಮೇಲೆ ಇಟ್ಟಿಗೆ-ಗಾರೆ ಹಾಕೋ ಹಳೇ ಥರದ ಸೂರಿನ, ಅಡ್ಡಸೀಳು, ತೊಲೆಯಿಂದ ತೊಲೆಗೆ ಎಷ್ಟು ಇಂಚು ಅಂತ ಬರೆದಿದ್ದು. "ಸಾರ್ ಇದು?" ಅಂದೆ. "ಅಯ್ಯೋ ಅದು ನಮ್ಮ ತಾತನ ಮನೆ ಪ್ಲಾನು ಮೇಡಂ, ಮನೇನೇ ಕೆಡವಿ ಆಯ್ತಲ್ಲ, ಇನ್ನು ಪ್ಲಾನ್ ಯಾಕೆ?"

ಮನೆ ಕೆಡವಿದ್ದಕ್ಕೇ ಬೇಕು ಸ್ವಾಮಿ! ಇದನ್ನ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ, ಇನ್ನೊಂದ್ ಸಲ ಹೇಳ್ತೀನಿ. ಅರಮನೆ ಪುಸ್ತಕ ನಮ್ಮಲ್ಲಿ ಹರಿದೋದ್ರೆ ಅಂಗಡಿಗೆ ಹೋಗಿ ಇನ್ನೊಂದು ತರಬೋದು, ಅರಮನೆ ಅಂತೂ ಅಲ್ಲೇ ಇದೆ, ಹೋಗಿ ನೋಡಬೋದು. ಆ ನೀಲಿ ಪೇಪರ್ ಹೋದ್ರೆ ಇನ್ನೊಂದು ಸಿಗಲ್ಲ, ನೋಡ್ಕೊಂಡ್ ಬರೋಣ ಅಂದ್ರೆ ಮನೇನೂ ಇಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಬಿಲ್ಡಿಂಗಿನ ಒಂದು ಭಾಗ ಕುಸಿದಾಗಿಂದ ಹಳೇದನ್ನ ಉಳಿಸೋದಾ ಕೆಡವೋದಾ ಅಂತ ಊರಲ್ಲಿ ಜಗಳ ನಡೀತಾನೇ ಇದೆ, ದೇವರಾಜ ಮಾರ್ಕೆಟ್ಟಿಂದೂ ಅದೇ ಕಥೆ, ಆದ್ರೆ ರಿಪೇರಿ ಮಾಡೋ ಮೇಸ್ತ್ರಿಗೆ ಬೇಕಾಗಿರೋದು ಜಗಳ ಅಲ್ಲ, ತೊಲೆ ಎಷ್ಟು ದೂರಕ್ಕಿತ್ತು, ಮೇಲೆ ಗಾರೆ ಎಷ್ಟು ದಪ್ಪ ಹಾಕಿದ್ರು ಅನ್ನೋದು. ಅದು ದಪ್ಪ ಪುಸ್ತಕದಲ್ಲಿ ಇರಲ್ಲ.

ಚಿತ್ರಕಲೇಲೂ ಇದೇ ಪಾಡು. ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರ ಗೊತ್ತಲ್ಲ, ಅದು ರವಿವರ್ಮಂದು ಅಂತಾನೇ ಅರ್ಧ ಮೈಸೂರು ನಂಬಿದೆ, ಒಬ್ಬ ಮೇಷ್ಟ್ರು ಅದಕ್ಕೇ ನನ್ ಜೊತೆ ಕಾಲು ಗಂಟೆ ವಾದ ಮಾಡಿದ್ರು. ಅದು ಬರೆದಿದ್ದು ಎಸ್.ಎಲ್. ಹಲ್ದಣಕರ್, ಎಣ್ಣೆಬಣ್ಣಾನೂ ಅಲ್ಲ, ಜಲವರ್ಣ, ದೀಪ ಹಿಡಿದು ನಿಂತಿದ್ದು ಅವರ ಮಗಳು. ಬರೆದವರು ಯಾರು, ಬಣ್ಣ ಯಾವುದು, ಅಳತೆ ಎಷ್ಟು, ಈ ಮೂರನ್ನೂ ಒಂದೇ ಸಾಲಲ್ಲಿ ಹೇಳೋದು ಎಕ್ಸಿಬಿಷನ್ನಲ್ಲಿ ಕೊಡೋ ನಾಲ್ಕು ಪುಟದ ಕ್ಯಾಟಲಾಗು. ಕಾವಾ ಅಂದ್ರೆ ನಮ್ಮೂರಿನ ಚಿತ್ರಕಲಾ ಕಾಲೇಜು, ಅಲ್ಲಿನ ಹುಡುಗ್ರು ಶೋ ಮಾಡಿದಾಗ ಬಾಗಿಲಲ್ಲಿ ಕೈಗೆ ಕೊಡ್ತಾರಲ್ಲ, ಅಂಥದ್ದು. ನೀವು ಅದನ್ನ ಬೀಸಣಿಗೆ ಮಾಡ್ಕೊಂಡು ಆಮೇಲೆ ಕಸಕ್ಕೆ ಹಾಕ್ತೀರ.

ಮಂಡ್ಯದಲ್ಲಿ ನನ್ನ ಸ್ನೇಹಿತೆ ಒಬ್ರಿದಾರೆ, ಅವರೂ ಲೈಬ್ರರಿಯೋರೇ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗಿಂದ ಬೇಲೂರು, ಹಳೇಬೀಡು, ಸೋಮನಾಥಪುರದ ಪುಸ್ತಕ ಬಂದು ಬೀಳ್ತಾನೇ ಇವೆ ಅಂತಾರೆ. ಅವರ ಜಿಲ್ಲೇಲೇ ಬಸರಾಳು ಇದೆ, 1234ರ ಹೊಯ್ಸಳ ದೇವಸ್ಥಾನ, ಅದರ ಬಗ್ಗೆ ಒಂದು ಜಾತ್ರೆ ಕರಪತ್ರ ಕೂಡ ಯಾರೂ ತಂದುಕೊಟ್ಟಿಲ್ವಂತೆ.

ಈಗ ಎಚ್ಚರಿಕೆ. ದಯವಿಟ್ಟು ಲ್ಯಾಮಿನೇಷನ್ ಮಾಡಿಸ್ಬೇಡಿ. "ಹಾಳಾಗ್ಬಾರ್ದು ಅಂತ ಮಾಡಿಸ್ದೆ ಮೇಡಂ" ಅಂತ ನಗ್ತಾ ತರ್ತಾರೆ, ನನಗೆ ಅಳು ಬರತ್ತೆ, ಬಿಸಿ ಮಾಡಿ ಅಂಟಿಸಿದ ಪ್ಲಾಸ್ಟಿಕ್ಕನ್ನ ಪೇಪರ್ ಹಾಳಾಗದಂಗೆ ಬಿಡಿಸೋಕೆ ಸಾಮಾನ್ಯವಾಗಿ ಆಗಲ್ಲ. ಸೆಲ್ಲೋಟೇಪೂ ಬೇಡ. ನೀಲಿ ಪ್ಲಾನು ಬಿಸಿಲಿಗೆ ಮಾಸತ್ತೆ, ಕತ್ತಲಲ್ಲಿಟ್ರೆ ಎಷ್ಟೋ ಸಲ ಸ್ವಲ್ಪ ಬಣ್ಣ ವಾಪಸ್ ಬರೋದೂ ಉಂಟು, ಹಂಗಂತ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕೋದಲ್ಲ. ಅಮೋನಿಯಾ ಪ್ರಿಂಟ್, ಅಂದ್ರೆ ಬಿಳಿ ಪೇಪರ್ ಮೇಲೆ ನೀಲಿ ಗೆರೆ ಬರೋ ಥರದ ಪ್ಲಾನ್ ಕಾಪಿ, ಇದ್ರೆ ಬೇರೆ ಕವರಲ್ಲಿಡಿ, ಅದರ ಗಾಳಿ ಪಕ್ಕದ ಪೇಪರನ್ನೂ ಕೆಡಿಸತ್ತೆ. ಮಳೇಲಿ ಆರ್ಟ್ ಪೇಪರ್ ಪುಸ್ತಕ ನೆಂದ್ರೆ ಹಂಗೇ ಒಣಗೋಕೆ ಬಿಡಬೇಡಿ, ಪುಟಪುಟ ಅಂಟಿ ಇಟ್ಟಿಗೆ ಆಗೋಗತ್ತೆ. ನಾವೂ ಒಂದನ್ನ ಹಂಗೇ ಕಳ್ಕೊಂಡ್ವಿ, ಸೂರು ಸೋರಿತ್ತು, ಆ ಕಥೆ ಬೇಡ.

ಹಂಗಂತ ಅಟ್ಟದ ಮೇಲಿರೋದನ್ನೆಲ್ಲ ಮೂಟೆ ಕಟ್ಕೊಂಡು ಬರಬೇಡಿ, ಜಾಗ ನಮಗೂ ಕಮ್ಮಿ. ನಾನು ಹೇಳ್ತಿರೋದು ನಮ್ಮ ಶೆಲ್ಫಿನ ಮಾತು, ಬೇರೆ ಲೈಬ್ರರಿಯೋರು ಬೇರೆ ಥರ ಹೇಳಬೋದು. ಜನ ವಾಸ ಇರೋ ಮನೆ ಪ್ಲಾನನ್ನ ನಾವು ಯಾರಿಗೂ ತೋರಿಸಲ್ಲ, ಯಾವ ಕಿಟಕಿ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತಾಗೋದು ಒಳ್ಳೇದಲ್ಲ. ಮನೆಯೋರ ಒಪ್ಪಿಗೆ ಪತ್ರಾನೂ ಬೇಕು, ಅಣ್ಣ ಕೊಟ್ಟಿದ್ದನ್ನ ತಮ್ಮ ಬಂದು ವಾಪಸ್ ಕೇಳಿದ್ದು ನೋಡಿದೀನಿ.

ಸರಸ್ವತಿಪುರಂ ಯಜಮಾನ್ರು ಆವತ್ತು ಸ್ವಲ್ಪ ಮುನಿಸ್ಕೊಂಡೇ ಪ್ಲಾನ್ ಬಿಟ್ಟು ಪುಸ್ತಕ ವಾಪಸ್ ತಗೊಂಡ್ಹೋದ್ರು. ವಾರ ಬಿಟ್ಟು ಮತ್ತೆ ಬಂದ್ರು, ಕಂಕುಳಲ್ಲಿ ಒಂದು ಸುರುಳಿ. "ಇದು ಸೋದರಮಾವನ ಮನೇದಮ್ಮ, ಅದೂ ಈಗಿಲ್ಲ, ಆಗತ್ತಾ ನೋಡಿ" ಅಂದ್ರು. ಮಡಚಿರಲಿಲ್ಲ, ಹಳೇ ಪಂಚೇಲಿ ಸುತ್ತಿ ತಂದಿದ್ರು.