ತುದಿಯ ಸೊನ್ನೆ ಬೇರೆ, ನಡುವಿನ ಸೊನ್ನೆ ಬೇರೆ

ಪೈಥಾನ್‌ನ ಲೆಕ್ಕದ ಲೈಬ್ರರಿ ನಂಪೈಯಲ್ಲಿ ಅರೇಯ (ಸಂಖ್ಯೆಗಳ ಸಾಲಿನ) ಎರಡೂ ತುದಿಯ ಸೊನ್ನೆಗಳನ್ನು ಲೂಪ್ ಇಲ್ಲದೆ ಕತ್ತರಿಸಿ ಎಂದರೆ ಸಾಕು, ಕೈ ನೇರವಾಗಿ, ಪ್ರತಿ ಬೆಲೆಗೂ ಟ್ರೂ ಅಥವಾ ಫಾಲ್ಸ್ ಗುರುತಿಡುವ ಬೂಲಿಯನ್ ಮಾಸ್ಕ್‌ಗೆ ಹೋಗುತ್ತದೆ: ಸೊನ್ನೆಯಲ್ಲದ್ದನ್ನು ಇಟ್ಟುಕೊ, ಉಳಿದದ್ದು ಬಿಡು. ಒಂದೇ ಸಾಲು, ವೇಗವೂ ಇದೆ. ಉತ್ತರ ಮಾತ್ರ ತಪ್ಪು.

ಗಂಟೆಗೊಮ್ಮೆ ಅಳೆದ ಮಳೆ 0, 0, 3, 0, 5, 0 ಮಿ.ಮೀ. ಎಂದಿಟ್ಟುಕೊಳ್ಳಿ. ನಮಗೆ ಬೇಕಾದದ್ದು 3, 0, 5. ಮಾಸ್ಕ್ ಕೊಡುವುದು 3, 5. ನಡುವೆ ಒಂದು ಗಂಟೆ ಮಳೆ ನಿಂತಿತ್ತಲ್ಲ, ಅದೂ ಒಂದು ಅಳತೆಯೇ, ಅದನ್ನೇ ಕಿತ್ತೆಸೆದಂತಾಯಿತು. ಎರರ್ ಬರುವುದಿಲ್ಲ. ಒಟ್ಟು ಮಳೆಯೂ 8 ಮಿ.ಮೀ. ಸರಿಯಾಗೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಗಂಟೆಯ ಸರಾಸರಿ ಮಾತ್ರ 2.67 ಇರಬೇಕಾದದ್ದು 4 ಆಗಿರುತ್ತದೆ.

ಮಾಸ್ಕ್ ಬೇಕು, ಆದರೆ ಆರಿಸುವುದಕ್ಕಲ್ಲ, ಗಡಿ ಹುಡುಕುವುದಕ್ಕೆ. ನಂಪೈಯ ಫ್ಲ್ಯಾಟ್‌ನಾನ್‌ಜೀರೋ ಸೊನ್ನೆಯಲ್ಲದವುಗಳ ಇಂಡೆಕ್ಸ್, ಅಂದರೆ 0ಯಿಂದ ಎಣಿಸಿದ ಸ್ಥಾನ, ಕೊಡುತ್ತದೆ: ಇಲ್ಲಿ 2 ಮತ್ತು 4. ಮೊದಲನೆಯದರಿಂದ ಕೊನೆಯದಕ್ಕೆ ಒಂದು ಕೂಡಿಸಿದಷ್ಟರವರೆಗೆ, ಅಂದರೆ 2ರಿಂದ 5ಕ್ಕೆ, ಸ್ಲೈಸ್ ಮಾಡಿ (ತುಂಡು ತೆಗೆಯಿರಿ); ಇಲ್ಲಿ ಕೊನೆಯ ಗಡಿ ಸೇರುವುದಿಲ್ಲ. ಆ ಒಂದನ್ನು ಮರೆತರೆ ಕೊನೆಯ ಅಳತೆಯೇ ಹೋಯಿತು. ಮ್ಯಾಟ್‌ಲ್ಯಾಬ್ ಎಂಬ ಇನ್ನೊಂದು ಲೆಕ್ಕದ ಭಾಷೆಯಲ್ಲಿ ಎಣಿಕೆ 1ರಿಂದ, ಕೊನೆಯ ಗಡಿಯೂ ಸೇರುತ್ತದೆ. ಅಲ್ಲಿಂದ ಬಂದವರು ಇದನ್ನು ಮರೆಯುವುದು ಸುಲಭ.

ಪೂರ್ತಿ ಸೊನ್ನೆಯ ಅರೇ ಬಂದರೆ? ಇಂಡೆಕ್ಸ್ ಪಟ್ಟಿ ಖಾಲಿ, ಅದರ ಮೊದಲನೆಯದನ್ನು ಕೇಳಿದರೆ ಕೋಡ್ ಅಲ್ಲೇ ಮುಗ್ಗರಿಸುತ್ತದೆ. ಮೊದಲೇ ಪಟ್ಟಿಯ ಸೈಜ್ ನೋಡಿ, ಸೊನ್ನೆಯಾದರೆ ಖಾಲಿ ಅರೇ ಹಿಂದಿರುಗಿಸಿ. ಮಾಸ್ಕ್‌ನ ಮೊದಲ ಟ್ರೂ ಎಲ್ಲಿದೆ ಎಂದು ಹೇಳುವ ಆರ್ಗ್‌ಮ್ಯಾಕ್ಸ್‌ನಿಂದ ಗಡಿ ಹುಡುಕುವ ಜಾಣರಿಗೆ ಈ ಎಚ್ಚರಿಕೆಯೂ ಸಿಗುವುದಿಲ್ಲ: ಒಂದೂ ಟ್ರೂ ಇಲ್ಲದಿದ್ದಾಗ ಅದು 0 ಎನ್ನುತ್ತದೆ, ಎರಡೂ ಕಡೆಯಿಂದ ಹಾಗೆಯೇ ಹುಡುಕಿದರೆ ಇಡೀ ಅರೇ ಸದ್ದಿಲ್ಲದೆ ಹಾಗೇ ವಾಪಸ್ ಬರುತ್ತದೆ.

ನಂಪೈಯಲ್ಲೇ ತುದಿಯ ಸೊನ್ನೆ ಕತ್ತರಿಸಲೆಂದೇ ಟ್ರಿಮ್ ಜೀರೋಸ್ ಇದೆಯಲ್ಲ ಎನ್ನಬಹುದು. ಇದೆ, ಅಪ್ಪಟ ಸೊನ್ನೆಗೆ ಸಾಕು. ಆದರೆ ಸೆನ್ಸರ್‌ನ ಸೊನ್ನೆ 0.000001 ಎಂದೂ ಬರುತ್ತದೆ, ಅದು ಕತ್ತರಿಗೆ ಸಿಗುವುದಿಲ್ಲ. ಉಪಕರಣದ ನಿಖರತೆ ನೋಡಿ ಒಂದು ಮಿತಿ ಇಟ್ಟು, ನಿರಪೇಕ್ಷ ಬೆಲೆ ಅದಕ್ಕಿಂತ ಹೆಚ್ಚಿದೆಯೇ ಎಂದು ಕೇಳಿ. ಹಾಗೆ ಕೇಳಿದಾಗ ತುದಿಯ ನ್ಯಾನ್‌ಗಳೂ ('ಸಂಖ್ಯೆಯಲ್ಲ' ಎಂಬ ಗುರುತು) ಕತ್ತರಿಸಿಹೋಗುತ್ತವೆ, 'ಸೊನ್ನೆಯಲ್ಲ' ಎಂದು ಕೇಳಿದರೆ ಉಳಿಯುತ್ತವೆ. ಯಾವುದು ಬೇಕೆಂಬುದು ನಿಮ್ಮ ಡೇಟಾಕ್ಕೆ ಬಿಟ್ಟದ್ದು.

ಹಲವು ಕಾಲಮ್‌ಗಳಿದ್ದರೆ ಒಂದೊಂದನ್ನೇ ಬೇರೆಬೇರೆಯಾಗಿ ಕತ್ತರಿಸಲೇಬೇಡಿ, ಸಮಯ ಹೊಂದುವುದಿಲ್ಲ. ಸಾಲಿನಲ್ಲಿ ಎಲ್ಲಾದರೂ ಬೆಲೆಯಿದೆಯೇ ಎಂದು ಕೇಳುವ ಎನಿ ಫಂಕ್ಷನ್ ಬಳಸಿ ಒಂದೇ ಗಡಿ ಹಿಡಿಯಿರಿ.

ಸ್ಲೈಸ್ ಸಿಕ್ಕಿತು ಎಂದಮಾತ್ರಕ್ಕೆ ಮೆಮೊರಿ ಉಳಿಯಲಿಲ್ಲ. ನಂಪೈ ಸ್ಲೈಸ್ ಮೂಲದ ವ್ಯೂ ಅಷ್ಟೇ, ಅದೇ ಮೆಮೊರಿಯತ್ತ ತೆರೆದ ಕಿಟಕಿ, ಬೇರೆ ಪ್ರತಿಯಲ್ಲ. 64 ಬಿಟ್‌ನ 10 ಕೋಟಿ ಸಂಖ್ಯೆಗಳಲ್ಲಿ ಸಾವಿರ ಉಳಿಸಿಕೊಂಡರೂ, ಆ ಸಾವಿರ ಬದುಕಿರುವತನಕ 800 ಎಂಬಿ ಬಿಡುಗಡೆಯಾಗುವುದಿಲ್ಲ. ಅದರಲ್ಲಿ ಬರೆದದ್ದು ಮೂಲದಲ್ಲೂ ಬರೆದಂತೆಯೇ. ಸಣ್ಣ ತುಂಡನ್ನು ಬಹಳ ಹೊತ್ತು ಇಟ್ಟುಕೊಳ್ಳುವುದಿದ್ದರೆ ಕೊನೆಗೊಂದು ಕಾಪಿ ಹಾಕಿ.