ಕಾಸರಗೋಡಿನ ತಾಳೆಗರಿಗಳಿಗೆ ತದ್ರೂಪು ಪ್ರತಿ ಏಕೆ ಬೇಕು?

ಹದಿಮೂರನೆಯ ಶತಮಾನದಲ್ಲಿ ಮಧ್ವಾಚಾರ್ಯರ ಗ್ರಂಥಭಂಡಾರವೇ ಕಳವಾಗಿತ್ತು. ಎದುರಾಳಿಗಳು ಅಪಹರಿಸಿದ ಆ ಪುಸ್ತಕಗಳು ಕುಂಬಳೆಯ ಅರಸ ಜಯಸಿಂಹನ ಮೂಲಕ ಮರಳಿ ಸಿಕ್ಕವೆಂದು ಮಧ್ವರ ಜೀವನಚರಿತ್ರೆಯಾದ ‘ಸುಮಧ್ವವಿಜಯ’ ಹೇಳುತ್ತದೆ. ಅದನ್ನು ಬರೆದ ನಾರಾಯಣ ಪಂಡಿತಾಚಾರ್ಯರೂ ಕಾಸರಗೋಡಿನ ಕಡೆಯವರೇ. ಓಲೆಯ ಕಟ್ಟೊಂದು ಕೈತಪ್ಪಿದರೆ ಏನೆಲ್ಲ ಕಳೆದುಹೋಗುತ್ತದೆ ಎಂಬ ಅರಿವು ಈ ನೆಲಕ್ಕೆ ಅಷ್ಟು ಹಳೆಯದು. ಮೂಲ ಓಲೆಯನ್ನು ಇದ್ದಂತೆಯೇ ತೋರಿಸುವ ತದ್ರೂಪು ಪ್ರತಿ ಬೇಕೆನ್ನುವುದು ಅದಕ್ಕೇ.

ಕಳ್ಳರಿಗಿಂತ ಕರಾವಳಿಯ ಮಳೆಗಾಲವೇ ಓಲೆಗೆ ದೊಡ್ಡ ಶತ್ರು. ಶ್ರೀತಾಳೆಯ ಗರಿಯನ್ನು ಬೇಯಿಸಿ, ಒಣಗಿಸಿ, ಕಂಟವೆಂಬ ಕಬ್ಬಿಣದ ಮೊನೆಲೇಖನಿಯಿಂದ ಅಕ್ಷರ ಕೊರೆದು ಮಸಿ ಸವರಿದರೆ ಅದು ಕೆಲವು ಶತಮಾನ ಬಾಳಬಹುದು. ಆದರೆ ತೇವ ಮತ್ತು ಹುಳ ಅಷ್ಟು ಕಾಲ ಬಿಡುವುದು ಅಪರೂಪ. ಹೀಗಾಗಿ ಜೀರ್ಣವಾದ ಗ್ರಂಥವನ್ನು ಹೊಸ ಗರಿಗೆ ಎತ್ತಿ ಬರೆಯುವುದು ಮಠಗಳಲ್ಲೂ ಮನೆಗಳಲ್ಲೂ ನಡೆದುಬಂದ ಕೆಲಸ. ಪ್ರತಿ ಮುಗಿಸಿದ ಲಿಪಿಕಾರ ಕೊನೆಯಲ್ಲಿ ಒಂದು ಶ್ಲೋಕ ಸೇರಿಸುತ್ತಿದ್ದ: ‘ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ.’ ಕಂಡ ಪುಸ್ತಕ ಹೇಗಿತ್ತೋ ಹಾಗೆಯೇ ಬರೆದಿದ್ದೇನೆ, ಶುದ್ಧವಿರಲಿ ಅಶುದ್ಧವಿರಲಿ ದೋಷ ನನ್ನದಲ್ಲ ಎಂಬ ವಿನಂತಿ ಅದು. ಮಾತು ಪ್ರಾಮಾಣಿಕವೇ. ಆದರೂ ಕೈಬರಹ ಬದಲಾಗುತ್ತಿತ್ತು, ಸಾಲು ಜಾರುತ್ತಿತ್ತು, ಅರ್ಥವಾಗದ ಪದದ ಜಾಗದಲ್ಲಿ ಪರಿಚಯದ ಪದ ಬಂದು ಕೂರುತ್ತಿತ್ತು.

ಅಚ್ಚು ಬಂದಾಗ ಈ ಕಥೆ ತಿರುವು ಪಡೆಯಿತು. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು ಕಲ್ಲಚ್ಚಿನಲ್ಲಿಯೇ. ಮುಂದೆ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅದೇ ರೀತಿಯಲ್ಲಿ ಪ್ರಕಟವಾದವು. ಕಲ್ಲಚ್ಚಿನಲ್ಲಿ ಅಚ್ಚುಮೊಳೆ ಜೋಡಿಸುವುದಿಲ್ಲ. ಲಿಪಿಕಾರ ಬರೆದದ್ದೇ ಕಲ್ಲಿಗೆ ಇಳಿದು ಕಾಗದಕ್ಕೆ ಬರುತ್ತದೆ. ಆದ್ದರಿಂದ ಆ ಪುಟಗಳಲ್ಲಿ ಅಂದಿನ ಕನ್ನಡ ಕೈಬರಹ ಇಂದಿಗೂ ಕಾಣಸಿಗುತ್ತದೆ. ಆದರೆ ಅದು ಮುದ್ರಣಕ್ಕಾಗಿ ಹೊಸದಾಗಿ ಬರೆಸಿದ ಪ್ರತಿ. ಮೂಲ ಓಲೆಯ ಮುಖ ಅಲ್ಲಿಯೂ ಕಾಣುವುದಿಲ್ಲ.

ಯುರೋಪಿನಲ್ಲಿ ಆಗ ಬೇರೆಯದೇ ಕಸುಬು ನಡೆದಿತ್ತು. ಬ್ರಿಟಿಷ್ ಮ್ಯೂಸಿಯಂಗಾಗಿ ಜಾನ್ ಹ್ಯಾರಿಸ್ ಎಂಬಾತ ಹಳೆಯ ಪುಸ್ತಕಗಳಲ್ಲಿ ಕಳೆದುಹೋದ ಹಾಳೆಗಳನ್ನು ಲೇಖನಿಯಿಂದಲೇ ಬರೆದು ತುಂಬುತ್ತಿದ್ದ. ಯಾವುದು ಅಸಲಿ, ಯಾವುದು ಅವನದು ಎಂದು ಗುರುತು ಸಿಗದ ಕಾರಣ ಅವನ ಹಾಳೆಗಳಿಗೆ ಸಹಿ ಹಾಕಿಸುವ ನಿಯಮ ಮಾಡಬೇಕಾಯಿತು. ತದ್ರೂಪು ಪ್ರತಿ ತಾನು ಪ್ರತಿ ಎಂದು ಹೇಳಿಕೊಳ್ಳಲೇಬೇಕೆಂಬ ಆ ಶಿಸ್ತು ನನಗೆ ಬಹಳ ಮುಖ್ಯವೆನಿಸುತ್ತದೆ. ಬಳಿಕ ಕ್ಯಾಮೆರಾ ಬಂದಿತು. 1990ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಕಾಶಕರು ಐರ್ಲೆಂಡಿನ ಹಳೆಯ ಹಸ್ತಪ್ರತಿ ‘ಬುಕ್ ಆಫ್ ಕೆಲ್ಸ್’ನ 1480 ತದ್ರೂಪು ಪ್ರತಿಗಳನ್ನು ತಂದರು. ಚರ್ಮದ ಹಾಳೆಗಳನ್ನು ಗಾಳಿಯ ಮೃದು ಸೆಳೆತದಿಂದ ಸಮತಟ್ಟಾಗಿಸಿ ಚಿತ್ರ ತೆಗೆದರು. ಹಾಳೆಗಳಲ್ಲಿದ್ದ ತೂತುಗಳನ್ನೂ ಬಿಡಲಿಲ್ಲ.

ನಮ್ಮಲ್ಲಿ ಪುಟದ ಚಿತ್ರ ತೆಗೆದು ಅಚ್ಚು ಹಾಕುವ ಫೋಟೊ ಆಫ್‌ಸೆಟ್ ಹೆಚ್ಚು ಕೆಲಸ ಮಾಡಿದ್ದು ಅಚ್ಚಾದ ಪುಸ್ತಕಗಳಿಗೆ. ಮಂಗಳೂರಿನಲ್ಲಿ ಮುದ್ರಣವಾದ ಮ್ಯಾನರ್ ಅವರ ತುಳು ನಿಘಂಟು (1886), ಕಿಟ್ಟೆಲ್ ನಿಘಂಟು (1894) ಹಳೆಯ ಪುಟಗಳ ಚಿತ್ರದಿಂದಲೇ ಮರುಮುದ್ರಣವಾಗಿ ಮತ್ತೆ ಓದುಗರ ಕೈಸೇರಿದವು. ಓಲೆಗಳಿಗೆ ಆ ಭಾಗ್ಯ ಅಷ್ಟಾಗಿ ಬರಲಿಲ್ಲ.

ಕಾಸರಗೋಡಿನ ಕಷ್ಟ ಇರುವುದು ಇಲ್ಲಿಯೇ. ಇಲ್ಲಿನ ಎಷ್ಟೋ ಸಂಸ್ಕೃತ ಮತ್ತು ತುಳು ಗ್ರಂಥಗಳು ತುಳು ಲಿಪಿಯಲ್ಲಿವೆ, ಅಂದರೆ ತಿಗಳಾರಿಯಲ್ಲಿ. ಗ್ರಂಥ ಲಿಪಿಯಿಂದ ಬಂದ ಇದು ಮಲಯಾಳ ಲಿಪಿಗೆ ಹತ್ತಿರ, ಕನ್ನಡ ಲಿಪಿಗೆ ದೂರ. ಕಾಸರಗೋಡಿನ ವಿದ್ವಾಂಸ ವೆಂಕಟರಾಜ ಪುಣಿಂಚತ್ತಾಯರು ಇಂಥ ಓಲೆಗಳನ್ನು ಹುಡುಕಿ ಓದಿ, ವಿಷ್ಣುತುಂಗನ ‘ಶ್ರೀ ಭಾಗವತೊ’ ಮೊದಲಾದ ತುಳು ಕಾವ್ಯಗಳನ್ನು ಕನ್ನಡ ಲಿಪಿಯಲ್ಲಿ ಬೆಳಕಿಗೆ ತಂದರು. ಆ ಶ್ರಮವಿಲ್ಲದಿದ್ದರೆ ಹಳೆಯ ತುಳುವಿನಲ್ಲಿ ಮಹಾಕಾವ್ಯವಿತ್ತೆಂದು ನಂಬುವವರೂ ಕಡಿಮೆಯಾಗುತ್ತಿದ್ದರು.

ಆದರೂ ಲಿಪ್ಯಂತರ ಒಬ್ಬರ ಓದು. ಹಳೆಯ ಓಲೆಗಳಲ್ಲಿ ಎ–ಏ, ಒ–ಓ ಭೇದ ಸಾಮಾನ್ಯವಾಗಿ ಕಾಣುವುದಿಲ್ಲ. ಪದಗಳ ನಡುವೆ ತೆರಪಿಲ್ಲ. ಹುಳ ತಿಂದಲ್ಲಿ ಊಹೆಯೇ ಗತಿ. ಅಚ್ಚಿನ ಪುಟದಲ್ಲಿ ಊಹೆಯೂ ಅಕ್ಷರವೂ ಒಂದೇ ಕಪ್ಪಿನಲ್ಲಿ ನಿಲ್ಲುತ್ತವೆ. ಓಲೆಯ ಚಿತ್ರ ಪಕ್ಕದಲ್ಲಿದ್ದರೆ ಮುಂದಿನ ಓದುಗ ತಾನೇ ತಾಳೆ ನೋಡಬಹುದು. 2024ರಲ್ಲಿ ತುಳು–ತಿಗಳಾರಿಗೆ ಕಂಪ್ಯೂಟರ್ ಲಿಪಿಗಳ ಜಾಗತಿಕ ಸಂಕೇತಪಟ್ಟಿಯಾದ ಯೂನಿಕೋಡ್‌ನಲ್ಲಿ ಜಾಗ ಸಿಕ್ಕಿರುವುದರಿಂದ ಚಿತ್ರದ ಎದುರಿಗೆ ಅದೇ ಲಿಪಿಯ ಪಠ್ಯವನ್ನು ಇಡುವ ದಾರಿಯೂ ತೆರೆದಿದೆ.

ಗಡಿಯೂ ಈ ಕೆಲಸವನ್ನು ಕಷ್ಟವಾಗಿಸಿತು. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ಮದ್ರಾಸಿನ ಆಡಳಿತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಈಗ ಕೇರಳದಲ್ಲಿದೆ. ಇಲ್ಲಿನ ಗ್ರಂಥಗಳ ಜಾಡು ಹಿಡಿಯುವವರು ಚೆನ್ನೈ, ತಿರುವನಂತಪುರ, ಮೈಸೂರುಗಳ ಮೂರೂ ಭಂಡಾರಗಳ ಸೂಚಿಗಳನ್ನು ತಿರುವಬೇಕು. ಮಂಜೇಶ್ವರದ ಗೋವಿಂದ ಪೈಗಳ ಪುಸ್ತಕಸಂಗ್ರಹವೂ ಉಡುಪಿಯಲ್ಲಿದೆ. ಅಲ್ಲಿ ಅದು ಜೋಪಾನವಾಗಿದೆ ಎಂಬುದು ಸಂತೋಷದ ಸಂಗತಿ, ಆದರೆ ಮಂಜೇಶ್ವರದ ವಿದ್ಯಾರ್ಥಿಗೆ ಅದು ದೂರ.

ತಂತ್ರಜ್ಞಾನ ಏನು ಮಾಡಬಲ್ಲದು ಎಂಬುದಕ್ಕೂ ಉಡುಪಿಯೇ ಸಾಕ್ಷಿ. ಅಲ್ಲಿನ ಮಠವೊಂದರಲ್ಲಿದ್ದ ಸರ್ವಮೂಲ ಗ್ರಂಥಗಳ, ಅಂದರೆ ಮಧ್ವರ ಕೃತಿಗಳ ಸಂಗ್ರಹದ ಓಲೆಗಳು ಸುಮಾರು 26 ಅಂಗುಲ ಉದ್ದ, 2 ಅಂಗುಲ ಅಗಲ. ರಕ್ಷಣೆಗೆಂದು ಹಚ್ಚಿದ ಎಣ್ಣೆಯೇ ಅವುಗಳನ್ನು ಕಪ್ಪಾಗಿಸಿತ್ತು. ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವಗೆಂಪು ಬೆಳಕಿನಲ್ಲಿ ಚಿತ್ರ ತೆಗೆದು ಅಕ್ಷರಗಳನ್ನು ಮತ್ತೆ ಓದುವಂತೆ ಮಾಡಿದರು.

ಎಲ್ಲ ಕಟ್ಟಿಗೂ ಅಷ್ಟು ದೊಡ್ಡ ಸಲಕರಣೆ ಬೇಕಿಲ್ಲ. ಒಳ್ಳೆಯ ಕ್ಯಾಮೆರಾ, ಅಳತೆಪಟ್ಟಿ, ಬಣ್ಣದ ಪಟ್ಟಿ, ಬದಿಯಿಂದ ಬೀಳುವ ಬೆಳಕು ಇದ್ದರೆ ಮಸಿ ಅಳಿಸಿದ ಕೊರೆತವೂ ಕಾಣಿಸುತ್ತದೆ. ಗರಿಯ ಎರಡೂ ಮುಖ, ಖಾಲಿ ಗರಿ, ದಾರದ ತೂತು, ಮರದ ಹಲಗೆ ಎಲ್ಲವೂ ಚಿತ್ರದಲ್ಲಿರಬೇಕು. ಕಪ್ಪು-ಬಿಳುಪಿನ ಸ್ಕ್ಯಾನ್ ಮಾತ್ರ ಬೇಡ, ಅದರಲ್ಲಿ ಕಲೆ ಮತ್ತು ಅಕ್ಷರ ಬೆರೆತುಹೋಗುತ್ತವೆ.

ಓಲೆ ಇಟ್ಟುಕೊಂಡ ಮನೆಯವರು ಹಿಂಜರಿಯುವುದು ಕಟ್ಟು ಮರಳಿ ಬಾರದೆಂಬ ಭಯದಿಂದ. ಆ ಭಯಕ್ಕೆ ಕಾರಣವಿದೆ. ಆದ್ದರಿಂದ ಕ್ಯಾಮೆರಾ ಮನೆಗೆ ಹೋಗಲಿ. ಓಲೆ ಅಲ್ಲಿಯೇ ಉಳಿಯಲಿ. ಮುದ್ರಿಸಿದ ತದ್ರೂಪು ಪ್ರತಿಯೊಂದು ಮೊದಲು ಆ ಮನೆಗೇ ಸಲ್ಲಲಿ, ಮತ್ತೊಂದು ಕಾಸರಗೋಡಿನ ಸರಕಾರಿ ಕಾಲೇಜಿನ ಕನ್ನಡ ವಿಭಾಗಕ್ಕೆ ಬರಲಿ.