ಮೊದಲ ಗ್ರಾಂ ಎಷ್ಟು ಗಂಟೆಗೆ ಹೋಯಿತು?

ಮುಟ್ಟಿನ ಸ್ರಾವ ವಿಪರೀತವಾದಾಗ ಡಾಕ್ಟರು ಮೂರು-ನಾಲ್ಕು ದಿನಕ್ಕೆ ಬರೆದುಕೊಡುವ ಮಾತ್ರೆ ಎಷ್ಟೋ ಮನೆಗಳ ಡಬ್ಬಿಯಲ್ಲಿ ಇರುತ್ತದೆ. ಹೆಸರು ಟ್ರಾನೆಕ್ಸಾಮಿಕ್ ಆ್ಯಸಿಡ್. ಅದೇ ಔಷಧ 5 ಎಂಎಲ್ ಆಂಪೂಲಿನಲ್ಲಿ 500 ಮಿಲಿಗ್ರಾಂ ಲೆಕ್ಕದಲ್ಲಿ ಕ್ಯಾಶುಯಾಲ್ಟಿಯ ಟ್ರೇಯಲ್ಲೂ ಇರುತ್ತದೆ. ಕಂಡುಹಿಡಿದದ್ದು 1962ರಲ್ಲಿ. ಅಪಘಾತದಲ್ಲಿ ರಕ್ತ ಸೋರುತ್ತಿರುವವರಿಗೆ ಕೊಟ್ಟರೆ ಸಾವು ಕಡಿಮೆಯಾಗುತ್ತದೆಂದು ರುಜುವಾದದ್ದು 2010ರಲ್ಲಿ. ನಡುವಿನ 48 ವರ್ಷ ಔಷಧ ಕಪಾಟಿನಲ್ಲೇ ಇತ್ತು. ಗಾಯಾಳುಗಳ ಮೇಲೆ ಸರಿಯಾಗಿ ಪರೀಕ್ಷಿಸಿ ನೋಡಿದವರು ಇರಲಿಲ್ಲ.

ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಜಪಾನಿನಲ್ಲಿ ಶೊಸುಕೆ ಒಕಾಮೊಟೊ ಮತ್ತು ಉಟಾಕೊ ಒಕಾಮೊಟೊ ದಂಪತಿ ರಕ್ತದ ಮೇಲಿನ ಸಂಶೋಧನೆಯನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣ ಬಡತನ: ಪ್ರಯೋಗಕ್ಕೆ ರಕ್ತ ಸಾಲದೆ ಹೋದರೆ ತಮ್ಮದೇ ತೆಗೆದುಕೊಳ್ಳಬಹುದಿತ್ತು. ಮೊದಲು ಅವರ ಕೈಗೆ ಸಿಕ್ಕಿದ್ದು ಎಪ್ಸಿಲಾನ್ ಅಮೈನೊ ಕ್ಯಾಪ್ರೋಯಿಕ್ ಆ್ಯಸಿಡ್. ಅದಕ್ಕಿಂತ 27 ಪಟ್ಟು ಬಲವಾದದ್ದು ಟ್ರಾನೆಕ್ಸಾಮಿಕ್ ಆ್ಯಸಿಡ್. ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಇದನ್ನು ಬಳಸಿ ನೋಡಿ ಎಂದು ಉಟಾಕೊ ಕೇಳಿಕೊಂಡರೂ ಅಲ್ಲಿನ ಹೆರಿಗೆ ಡಾಕ್ಟರುಗಳು ಒಪ್ಪಲಿಲ್ಲ. ಹಲ್ಲು ಕೀಳಿಸುವಾಗ, ಮುಟ್ಟಿನ ತೊಂದರೆಗೆ, ಮುಂದೆ ಹೃದಯದ ಶಸ್ತ್ರಚಿಕಿತ್ಸೆಗೆ ಬಳಕೆಗೆ ಬಂತು. ರಸ್ತೆ ಅಪಘಾತದ ಗಾಯಾಳುವಿನ ಹತ್ತಿರ ಮಾತ್ರ ಬರಲಿಲ್ಲ.

ಔಷಧದ ಕೆಲಸ ಸರಳ. ಗಾಯವಾದ ಕಡೆ ರಕ್ತ ಹೆಪ್ಪುಗಟ್ಟುವುದು ಫೈಬ್ರಿನ್ ಎಂಬ ನಾರುಗಳ ಬಲೆಯಿಂದ. ಹೆಪ್ಪು ಮಿತಿ ಮೀರದಿರಲೆಂದು ಅದನ್ನು ಕರಗಿಸುವ ಪ್ಲಾಸ್ಮಿನ್ ಎಂಬ ಕಿಣ್ವವನ್ನೂ ದೇಹವೇ ತಯಾರಿಸುತ್ತದೆ. ಪ್ಲಾಸ್ಮಿನ್ ಆಗಬೇಕಾದ ಕಣ ಫೈಬ್ರಿನ್ನಿಗೆ ಅಂಟಿಕೊಳ್ಳುವುದು ಲೈಸಿನ್ ಎಂಬ ಅಮೈನೊ ಆಮ್ಲ ಇರುವ ಜಾಗದಲ್ಲಿ. ಟ್ರಾನೆಕ್ಸಾಮಿಕ್ ಆ್ಯಸಿಡ್ ಲೈಸಿನ್ನಿನ ವೇಷ ಹಾಕಿಕೊಂಡು ಹೋಗಿ ಆ ಕಣವನ್ನೇ ಹಿಡಿದುಬಿಡುತ್ತದೆ. ಹೊಸ ಹೆಪ್ಪನ್ನು ಇದು ಕಟ್ಟುವುದಿಲ್ಲ, ಇರುವುದನ್ನು ಕರಗದಂತೆ ಕಾಯುತ್ತದೆ. ಕಾಯಲು ಹೆಪ್ಪೇ ಉಳಿದಿಲ್ಲದಷ್ಟು ತಡವಾಗಿ ಹೋದರೆ ಇದಕ್ಕೆ ಮಾಡಲು ಕೆಲಸವಿಲ್ಲ.

ಹಾಗಾದರೆ ಸರ್ಜನ್ನರು ಇದನ್ನು ಏಕೆ ಕೇಳಲಿಲ್ಲ? ಗಾಯದ ರಕ್ತಸ್ರಾವವೆಂದರೆ ಒಡೆದ ಪೈಪು ಎಂಬ ತಿಳಿವಳಿಕೆ ಅಂದಿನದು. ಪೈಪು ಕಟ್ಟು, ಖಾಲಿಯಾದಷ್ಟು ನೀರು ತುಂಬು. 1976ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆ ಸರ್ಜನ್ ತಾವೇ ಓಡಿಸುತ್ತಿದ್ದ ವಿಮಾನ ಹೊಲಕ್ಕೆ ಬಿದ್ದು ಹೆಂಡತಿಯನ್ನು ಕಳೆದುಕೊಂಡರು. ಗಾಯಗೊಂಡ ಮಕ್ಕಳಿಗೆ ಆಸ್ಪತ್ರೆಯಲ್ಲಿ ಸಿಕ್ಕ ಚಿಕಿತ್ಸೆ ನೋಡಿ ಕಂಗಾಲಾದರು. ಆ ಸಂಕಟದಿಂದ ಹುಟ್ಟಿದ್ದು ಗಾಯಾಳುಗಳನ್ನು ನೋಡಿಕೊಳ್ಳುವುದನ್ನು ಡಾಕ್ಟರುಗಳಿಗೆ ಕಲಿಸುವ ಎಟಿಎಲ್‌ಎಸ್ ತರಬೇತಿ. 1978ರಲ್ಲಿ ಮೊದಲ ಕೋರ್ಸು, 1980ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಅದನ್ನು ಕೈಗೆತ್ತಿಕೊಂಡಿತು. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತ ಎಂಬ ಕ್ರಮ ಇವತ್ತಿಗೂ ಗಟ್ಟಿ. ಅದರ ಜೊತೆಗೇ ಬಂದ ‘ಎರಡು ಲೀಟರ್ ಸಲೈನ್ ಓಡಿಸಿ’ ಎಂಬ ಅಭ್ಯಾಸ ಮಾತ್ರ ದುಬಾರಿಯಾಯಿತು.

1994ರಲ್ಲಿ ಹ್ಯೂಸ್ಟನ್ನಿನಿಂದ ಮೊದಲ ಪೆಟ್ಟು ಬಂತು. ಎದೆ-ಹೊಟ್ಟೆಗೆ ಗುಂಡೇಟು, ಇರಿತ ಬಿದ್ದ 598 ಜನರಲ್ಲಿ ಕೆಲವರಿಗೆ ದಾರಿಯಲ್ಲೇ ಡ್ರಿಪ್ ಹಾಕಿದರು, ಕೆಲವರಿಗೆ ಆಪರೇಷನ್ ಥಿಯೇಟರು ಮುಟ್ಟುವವರೆಗೆ ತಡೆದರು. ತಡೆದವರಲ್ಲಿ ಶೇ 70 ಬದುಕಿದರು, ಮೊದಲೇ ಹಾಕಿಸಿಕೊಂಡವರಲ್ಲಿ ಶೇ 62. ಬಿ.ಪಿ. ಏರಿದರೆ ಕಟ್ಟಿದ ಹೆಪ್ಪು ಕಿತ್ತು ಬರುತ್ತದೆ, ತಣ್ಣನೆಯ ಸಲೈನ್ ಮೈ ಆರಿಸುತ್ತದೆ, ರಕ್ತ ನೀರಾಗಿ ಹೆಪ್ಪುಗಟ್ಟುವ ಅಂಶವೇ ತೆಳ್ಳಗಾಗುತ್ತದೆ. 2003ರಲ್ಲಿ ಲಂಡನ್ನಿನ ಕರೀಮ್ ಬ್ರೋಹಿ ಮತ್ತು ಸಂಗಡಿಗರು ಇನ್ನೊಂದು ವಿಷಯ ತೋರಿಸಿದರು: ದೊಡ್ಡ ಗಾಯಾಳುಗಳಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಆಸ್ಪತ್ರೆಯ ಬಾಗಿಲಿಗೆ ಬರುವಾಗಲೇ ರಕ್ತದ ಹೆಪ್ಪುಗಟ್ಟುವ ಗುಣ ಕೆಟ್ಟಿರುತ್ತದೆ. ಅದಕ್ಕೆ ಸಲೈನನ್ನು ಮಾತ್ರ ದೂರುವಂತಿರಲಿಲ್ಲ. ಒಡೆದ ಪೈಪಿನ ಲೆಕ್ಕ ಅಲ್ಲಿಗೆ ತಪ್ಪಿತು.

ಎರಡನೆಯ ಪಾಠ ತಲೆಪೆಟ್ಟಿನಿಂದ ಬಂತು. ಮಿದುಳಿನ ಬಾವು ಇಳಿಯಲೆಂದು ಸ್ಟಿರಾಯ್ಡ್ ಕೊಡುವುದು ಮೂವತ್ತು ವರ್ಷದ ರೂಢಿ. ಇದರಿಂದ ಉಪಯೋಗವಿದೆಯೇ ಎಂದು ಲಂಡನ್ನಿನ ಇಯಾನ್ ರಾಬರ್ಟ್ಸ್ ತಂಡ ‘ಕ್ರ್ಯಾಶ್’ ಎಂಬ ಹೆಸರಿನಲ್ಲಿ 20,000 ಜನರ ಪ್ರಯೋಗ ಹೂಡಿ, ಹತ್ತು ಸಾವಿರಕ್ಕೇ ನಿಲ್ಲಿಸಬೇಕಾಯಿತು. ಎರಡು ವಾರದೊಳಗೆ ಸತ್ತವರು ಸ್ಟಿರಾಯ್ಡ್ ಗುಂಪಿನಲ್ಲಿ ಶೇ 21.1, ಇನ್ನೊಂದರಲ್ಲಿ ಶೇ 17.9. ನೂರಕ್ಕೆ ಮೂವರು ಹೆಚ್ಚು. ಮೂರು ದಶಕ ಅದನ್ನು ಕೊಟ್ಟವರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದರು. ಫಲಿತಾಂಶ 2004ರಲ್ಲಿ ಹೊರಬಿತ್ತು. ಅದೇ ತಂಡ ಮುಂದೆ ಒಕಾಮೊಟೊ ದಂಪತಿಯ ಔಷಧವನ್ನು ಕೈಗೆತ್ತಿಕೊಂಡಿತು.

ಕ್ರ್ಯಾಶ್-2ರಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಅದರ ಪೆಟ್ಟಿಗೆ. ಒಂದು ಪೆಟ್ಟಿಗೆಯಲ್ಲಿ ಎಂಟು ಪೊಟ್ಟಣ, ಪ್ರತಿಯೊಂದಕ್ಕೂ ನಂಬರು. ರೋಗಿ ಬಂದಾಗ ಉಳಿದವುಗಳಲ್ಲಿ ಅತಿ ಚಿಕ್ಕ ನಂಬರಿನದನ್ನು ಒಡೆಯಬೇಕು. ಒಳಗೆ ನಾಲ್ಕು ಆಂಪೂಲ್, 100 ಎಂಎಲ್ ಸಲೈನ್ ಚೀಲ, ಸಿರಿಂಜು, ಸೂಜಿ, ಚೀಟಿಗಳು. ಆಂಪೂಲಿನಲ್ಲಿ ಔಷಧ ಇರಬಹುದು, ಬರೀ ಉಪ್ಪುನೀರು ಇರಬಹುದು. ಕೊಡುವ ಸಿಸ್ಟರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಕಂಪ್ಯೂಟರ್ ಇಲ್ಲದ, ರಾತ್ರಿ ಎರಡು ಗಂಟೆಗೆ ಒಬ್ಬರೇ ಡ್ಯೂಟಿ ಡಾಕ್ಟರ್ ಇರುವ ಕಡೆಯೂ ನಡೆಯುವಂಥ ಪ್ರಯೋಗ. ಹೀಗಾಗಿಯೇ 40 ದೇಶಗಳ 274 ಆಸ್ಪತ್ರೆಗಳಿಂದ 20,211 ಜನ ಸೇರಿದರು. ಹೆಚ್ಚು ರೋಗಿಗಳನ್ನು ಸೇರಿಸಿದ ದೇಶಗಳಲ್ಲಿ ಭಾರತವೂ ಒಂದು.

ಒಟ್ಟು ಸಾವು ಶೇ 16.0ರಿಂದ 14.5ಕ್ಕೆ ಇಳಿದಿತ್ತು. ಸರಿಸುಮಾರು 67 ಜನರಿಗೆ ಕೊಟ್ಟರೆ ಒಂದು ಜೀವ. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪು ಕಟ್ಟೀತೆಂಬ ಭಯವಿತ್ತು, ಅದು ಹೆಚ್ಚಾಗಿರಲಿಲ್ಲ. ಮರುವರ್ಷ ಅದೇ ಅಂಕಿಗಳನ್ನು ಹೊತ್ತಿನ ಪ್ರಕಾರ ಬಿಡಿಸಿ ನೋಡಿದಾಗ ಅಸಲು ವಿಷಯ ಹೊರಬಿತ್ತು. ಗಾಯವಾದ ಒಂದು ಗಂಟೆಯೊಳಗೆ ಔಷಧ ಸಿಕ್ಕವರಲ್ಲಿ ರಕ್ತಸ್ರಾವದಿಂದ ಸತ್ತವರು ಶೇ 5.3, ಸಿಗದವರಲ್ಲಿ 7.7. ಒಂದರಿಂದ ಮೂರು ಗಂಟೆಯೊಳಗೆ 4.8 ಮತ್ತು 6.1. ಮೂರು ಗಂಟೆ ದಾಟಿದ ಮೇಲೆ ಲೆಕ್ಕ ತಿರುಗಿಬಿತ್ತು: ಔಷಧ ಸಿಕ್ಕವರಲ್ಲಿ 4.4, ಸಿಗದವರಲ್ಲಿ 3.1. ಅದೇ ಆಂಪೂಲ್, ಅದೇ ಪ್ರಮಾಣ. ಗಡಿಯಾರದ ಮುಳ್ಳು ಸರಿದದ್ದಷ್ಟೇ. ಹೆರಿಗೆಯ ರಕ್ತಸ್ರಾವದ ಪ್ರಯೋಗವನ್ನೂ ಸೇರಿಸಿ 40,138 ಜನರ ಲೆಕ್ಕ ಹಾಕಿದ 2018ರ ವಿಶ್ಲೇಷಣೆ ಇನ್ನೂ ನಿಖರ: ಪ್ರತಿ 15 ನಿಮಿಷದ ತಡಕ್ಕೆ ಲಾಭದಲ್ಲಿ ಸುಮಾರು ಶೇ 10 ಕರಗುತ್ತದೆ, ಮೂರು ಗಂಟೆಯ ಹೊತ್ತಿಗೆ ಏನೂ ಉಳಿಯುವುದಿಲ್ಲ.

ಈಗ ಮಂಚದ ಪಕ್ಕಕ್ಕೆ ಬರೋಣ. ಎರಡು ಆಂಪೂಲ್, ಅಂದರೆ ಒಂದು ಗ್ರಾಂ, 100 ಎಂಎಲ್ ಸಲೈನಿಗೆ ಹಾಕಿ 10 ನಿಮಿಷದಲ್ಲಿ ಹೋಗಬೇಕು. ಒಂದು ಎಂಎಲ್‌ಗೆ 20 ಹನಿಯ ಸಾಮಾನ್ಯ ಐವಿ ಸೆಟ್ಟಿನಲ್ಲಿ ಇದು ನಿಮಿಷಕ್ಕೆ ಇನ್ನೂರಕ್ಕೂ ಮೇಲೆ. ಎಣಿಸಲಾಗದು, ಕ್ಲ್ಯಾಂಪು ಸಡಿಲಿಸಿ ಚೀಲವನ್ನೂ ಗಡಿಯಾರವನ್ನೂ ನೋಡುತ್ತಿರಬೇಕು. ಅವಸರಕ್ಕೆ ಸಿರಿಂಜಿನಲ್ಲಿ ಒಂದೇ ಏಟಿಗೆ ತಳ್ಳಿದರೆ ಮೊದಲೇ ಇಳಿದಿರುವ ಬಿ.ಪಿ. ಇನ್ನಷ್ಟು ಇಳಿಯುತ್ತದೆ. ಎರಡನೆಯ ಗ್ರಾಂ ಎಂಟು ಗಂಟೆಯಲ್ಲಿ, 500 ಎಂಎಲ್ ಚೀಲದಲ್ಲಾದರೆ ನಿಮಿಷಕ್ಕೆ 21 ಹನಿ. ತಪ್ಪಾಗುವುದು ಹೆಚ್ಚಾಗಿ ಈ ಎರಡನೆಯದರಲ್ಲೇ. ಚೀಲಕ್ಕೆ ಚೀಟಿ ಅಂಟಿಸದೆ ಬಿಟ್ಟರೆ ನೋಡುವವರಿಗೆ ಅದು ಬರೀ ಸಲೈನ್. ಬಿ.ಪಿ. ಕುಸಿದಾಗ ಯಾರೋ ಒಬ್ಬರು ಫುಲ್ ಓಪನ್ ಮಾಡುತ್ತಾರೆ, ಎಂಟು ಗಂಟೆಯ ಔಷಧ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ಇಲ್ಲವೇ ಸಿಟಿ ಸ್ಕ್ಯಾನಿಗೆ ಹೊರಡುವಾಗ ಬಿಚ್ಚಿ ಸ್ಟ್ಯಾಂಡಿಗೆ ನೇತುಹಾಕಿದ್ದು ಅಲ್ಲೇ ಉಳಿಯುತ್ತದೆ. ರಕ್ತ ಹೋಗುತ್ತಿರುವ ಲೈನಿನಲ್ಲಿ ಇದನ್ನು ಬೆರೆಸುವಂತಿಲ್ಲ, ಬೇರೆ ಕ್ಯಾನುಲಾ ಬೇಕು.

ಇನ್ನೊಂದು ತಪ್ಪು ಅಪರೂಪ, ಆದರೆ ಪ್ರಾಣ ತೆಗೆಯುವಂಥದ್ದು. ಬೆನ್ನಿಗೆ ಕೊಡುವ ಅರಿವಳಿಕೆಯ ಬುಪಿವಕೇನ್ ಆಂಪೂಲೂ ಇದೂ ನೋಡಲು ಒಂದೇ ಥರ ಇದ್ದು, ಅದರ ಬದಲು ಇದು ಬೆನ್ನುಹುರಿಯ ದ್ರವಕ್ಕೆ ಹೋದರೆ ಬಿಡದ ಫಿಟ್ಸ್ ಬಂದು ರೋಗಿ ಸಾಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇದಕ್ಕೇ ಎಚ್ಚರಿಕೆ ಹೊರಡಿಸಿತು. ಅರಿವಳಿಕೆ ಟ್ರಾಲಿಯಿಂದ ಇದನ್ನು ದೂರ ಇಡುವುದಕ್ಕೆ ಖರ್ಚೇನೂ ಇಲ್ಲ.

ತಲೆಪೆಟ್ಟಿನ ಕತೆ ಇಷ್ಟು ನೇರವಾಗಿಲ್ಲ. 2019ರ ಕ್ರ್ಯಾಶ್-3ರಲ್ಲಿ ಮೂರು ಗಂಟೆಯೊಳಗೆ ಔಷಧ ಪಡೆದವರಲ್ಲಿ ತಲೆಪೆಟ್ಟಿನಿಂದಲೇ ಆದ ಸಾವು ಶೇ 18.5, ಪಡೆಯದವರಲ್ಲಿ 19.8. ಈ ವ್ಯತ್ಯಾಸ ಕಾಕತಾಳೀಯವೂ ಇರಬಹುದು ಎನ್ನುವಷ್ಟು ಚಿಕ್ಕದು. ಪ್ರಜ್ಞೆ ಅಷ್ಟಾಗಿ ಕೆಡದ, ಅಂದರೆ ಪ್ರಜ್ಞೆಯನ್ನು ಅಳೆಯುವ ಗ್ಲಾಸ್ಗೊ ಸ್ಕೋರ್ 9 ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ಲಾಭ ಸ್ಪಷ್ಟವಿತ್ತು. ತೀವ್ರ ಪೆಟ್ಟಿನವರಲ್ಲಿ ಕಾಣಲಿಲ್ಲ. 2023ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜರ್ಮನಿಗಳ 1,310 ದೊಡ್ಡ ಗಾಯಾಳುಗಳ ಪ್ಯಾಚ್ ಪ್ರಯೋಗದಲ್ಲಿ ದಾರಿಯಲ್ಲೇ ಔಷಧ ಕೊಟ್ಟರೂ ಆರು ತಿಂಗಳ ನಂತರ ಚೆನ್ನಾಗಿ ಓಡಾಡಿಕೊಂಡಿರುವವರ ಸಂಖ್ಯೆ ಹೆಚ್ಚಲಿಲ್ಲ. ಇದನ್ನು ಹಿಡಿದು ಔಷಧವೇ ವ್ಯರ್ಥ ಎನ್ನುವವರಿದ್ದಾರೆ. ಆ ಮಾತು ಸರಿಯೆನಿಸುವುದಿಲ್ಲ. ಬದುಕಿದರೇ ಎಂಬುದು ಒಂದು ಪ್ರಶ್ನೆ, ಹೇಗೆ ಬದುಕಿದರು ಎಂಬುದು ಇನ್ನೊಂದು. ಪ್ಯಾಚ್ ಕೇಳಿದ್ದು ಎರಡನೆಯದನ್ನು. ನಿಮ್ಹಾನ್ಸ್‌ನಂಥ ಕಡೆ ತಲೆಪೆಟ್ಟಿನವರನ್ನು ನೋಡಿಕೊಳ್ಳುವವರಿಗೆ ಈ ಎರಡರ ಅಂತರ ಬಿಡಿಸಿ ಹೇಳಬೇಕಿಲ್ಲ.

ಔಷಧವೊಂದೇ ಸಾಲದು, ಹೋದ ರಕ್ತಕ್ಕೆ ರಕ್ತವೇ ಬೇಕು. ಅಮೆರಿಕದ 680 ಜನರ ಪ್ರಾಪರ್ ಪ್ರಯೋಗ 2015ರಲ್ಲಿ ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಸಮಸಮ ಕೊಡುವುದನ್ನು ಪರೀಕ್ಷಿಸಿತು. ಒಟ್ಟು ಸಾವಿನಲ್ಲಿ ಖಚಿತವಾದ ಅಂತರ ಬರಲಿಲ್ಲ, ಮೊದಲ ದಿನ ರಕ್ತ ಸೋರಿಯೇ ಸಾಯುವುದು ಮಾತ್ರ ಶೇ 14.6ರಿಂದ 9.2ಕ್ಕೆ ಇಳಿಯಿತು. ತಾಲ್ಲೂಕು ಮಟ್ಟದಲ್ಲಿ ಇದನ್ನು ಹಾಗೆಯೇ ಮಾಡಲಾಗದು. ಪ್ಲಾಸ್ಮಾ ಮಂಜುಗಟ್ಟಿಸಿಟ್ಟ ಚೀಲ, 37 ಡಿಗ್ರಿ ನೀರಿನಲ್ಲಿ ಕರಗಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಪ್ಲೇಟ್‌ಲೆಟ್ ಐದೇ ದಿನ ಬಾಳುತ್ತದೆ. ಚೀಲದ ರಕ್ತದಲ್ಲಿರುವ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ, ಕ್ಯಾಲ್ಸಿಯಂ ಇಲ್ಲದೆ ಹೆಪ್ಪು ಕಟ್ಟುವುದಿಲ್ಲ. ನಾಲ್ಕನೆಯ ಚೀಲದ ಹೊತ್ತಿಗೆ ಅದನ್ನು ಕೊಡಬೇಕೆಂಬುದನ್ನು ಮರೆಯುವುದು ಸಾಮಾನ್ಯ. ಎಟಿಎಲ್‌ಎಸ್ ಕೂಡ 2018ರ ಆವೃತ್ತಿಯಲ್ಲಿ ಎರಡು ಲೀಟರನ್ನು ಒಂದಕ್ಕೆ ಇಳಿಸಿ, ಮೂರು ಗಂಟೆಯೊಳಗಿನ ಟ್ರಾನೆಕ್ಸಾಮಿಕ್ ಆ್ಯಸಿಡ್ಡನ್ನು ಸೇರಿಸಿಕೊಂಡಿತು.

ಇಷ್ಟೆಲ್ಲ ಗೊತ್ತಾದ ಮೇಲೆ ಉಳಿಯುವ ಪ್ರಶ್ನೆ: ಇದನ್ನೆಲ್ಲ ಮಾಡುವವರು ಯಾರು? ಭಾರತದಲ್ಲಿ ಎಮರ್ಜೆನ್ಸಿ ಮೆಡಿಸಿನ್ ಪ್ರತ್ಯೇಕ ವಿಭಾಗವೆಂದು ಮಾನ್ಯವಾದದ್ದು 2009ರಲ್ಲಿ. ಅಲ್ಲಿಯವರೆಗೆ ಕ್ಯಾಶುಯಾಲ್ಟಿ ಎಂದರೆ ಯಾರಿಗೂ ಬೇಡದ ಪಾಳಿ: ಹೌಸ್ ಸರ್ಜನ್ ಬರೆದುಕೊಳ್ಳುತ್ತಾರೆ, ಸರ್ಜರಿಗೂ ಆರ್ಥೋಗೂ ಕರೆ ಹೋಗುತ್ತದೆ, ಅವರು ಬರುವವರೆಗೆ ಸಲೈನ್ ಓಡುತ್ತದೆ. ದೆಹಲಿಯ ಏಮ್ಸ್‌ನ ಜಯಪ್ರಕಾಶ್ ನಾರಾಯಣ್ ಅಪೆಕ್ಸ್ ಟ್ರಾಮಾ ಸೆಂಟರ್‌ನಲ್ಲಿ ಟ್ರಾಮಾ ನರ್ಸ್ ಕೋಆರ್ಡಿನೇಟರ್ ಎಂಬ ಹೊಸ ಹೊಣೆ ಬಂತು. ರೋಗಿ ಒಳಬಂದ ಗಳಿಗೆಯಿಂದ ಡಿಸ್ಚಾರ್ಜ್‌ವರೆಗೆ ಬೆನ್ನು ಹಿಡಿದು ಹೋಗುವುದು, ವಿಭಾಗಗಳ ನಡುವೆ ಕೊಂಡಿಯಾಗುವುದು, ಮನೆಯವರಿಗೆ ತಿಳಿಸುವುದು, ದಾಖಲೆ ತುಂಬುವುದು ಅವರ ಕೆಲಸ. ಪಿಜಿ ಓದುವ ಡಾಕ್ಟರುಗಳು ಮೂರು ವರ್ಷಕ್ಕೆ ಬಂದುಹೋಗುತ್ತಾರೆ. ವಾರ್ಡಿನ ನೆನಪು ಉಳಿಯುವುದು ಸಿಸ್ಟರುಗಳ ತಲೆಯಲ್ಲೇ.

ಸಂಶೋಧನೆಯೂ ಅವರ ಕೈಯಲ್ಲೇ ನಿಂತಿದೆ. ಪ್ರಜ್ಞೆಯಿಲ್ಲದ, ಹೆಸರೂ ಗೊತ್ತಿಲ್ಲದ ಗಾಯಾಳು ಪ್ರಯೋಗಕ್ಕೆ ಒಪ್ಪಿಗೆ ಕೊಡುವುದು ಹೇಗೆ? ಜೊತೆಗೆ ಬಂದವರು ಆಟೊ ಓಡಿಸಿಕೊಂಡು ಬಂದ ಅಪರಿಚಿತರು, ಅವರ ಸಹಿ ನಡೆಯದು. ಕ್ರ್ಯಾಶ್-2ರಲ್ಲಿ ಸಂಬಂಧಿಕರಿದ್ದರೆ ಅವರಿಂದ, ಇಲ್ಲದಿದ್ದರೆ ನೈತಿಕ ಸಮಿತಿಯ ಮುಂಚಿನ ಅನುಮತಿಯ ಮೇಲೆ ಸೇರಿಸಿಕೊಂಡು, ಪ್ರಜ್ಞೆ ಬಂದ ಮೇಲೆ ಕೇಳುವ ದಾರಿಯಿತ್ತು. ಆ ಮೇಲಿನ ಕೇಳುವಿಕೆ ನಾಲ್ಕನೆಯ ದಿನವೋ ಹತ್ತನೆಯ ದಿನವೋ ಬರುತ್ತದೆ. ನೆನಪಿಟ್ಟು ಮಂಚದ ಹತ್ತಿರ ಹೋಗುವವರು ಒಬ್ಬರು ಬೇಕು.

ನಮ್ಮ ರಾಜ್ಯದಲ್ಲಿ 2008ರ ನವೆಂಬರಿನಿಂದ 108 ಓಡುತ್ತಿದೆ. ನೆರವಾದವರಿಗೆ ಪೊಲೀಸು-ಕೋರ್ಟಿನ ಕಾಟ ತಪ್ಪಿಸಲು 2016ರಲ್ಲಿ ರಾಜ್ಯ ಒಪ್ಪಿದ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಯ ಅಂಕಿತ ಬಿತ್ತು. ಹೀಗಾಗಿ ಗಾಯಾಳು ಮೊದಲ ಆಸ್ಪತ್ರೆ ತಲುಪುವುದು ಮುಂಚಿನಷ್ಟು ಕಷ್ಟವಿಲ್ಲ. ಕಷ್ಟ ಶುರುವಾಗುವುದು ಅಲ್ಲಿಂದ ಮುಂದಕ್ಕೆ ರೆಫರ್ ಆದಾಗ. ಪೊಲೀಸು ಕೇಸಾಗುವ ಗಾಯಗಳನ್ನು ಬರೆದಿಡುವ ಎಂಎಲ್‌ಸಿ ರಿಜಿಸ್ಟರಿನಲ್ಲಿ ಬಂದ ಹೊತ್ತು ನಿಮಿಷದ ಲೆಕ್ಕದಲ್ಲಿ ಇರುತ್ತದೆ, ಏಕೆಂದರೆ ನಾಳೆ ಕೋರ್ಟಿಗೆ ಬೇಕು. ಗಾಯವಾದ ಹೊತ್ತಿನ ಜಾಗದಲ್ಲಿ ‘ಸಂಜೆ’ ಎಂದಷ್ಟೇ ಇರುತ್ತದೆ. ರೆಫರಲ್ ಚೀಟಿಯಲ್ಲಿ ‘ಪ್ರಥಮ ಚಿಕಿತ್ಸೆ ನೀಡಿ ಕಳುಹಿಸಲಾಗಿದೆ’ ಎಂಬ ಒಂದು ಸಾಲು. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಆ ಚೀಟಿ ಹಿಡಿದು ದೊಡ್ಡಾಸ್ಪತ್ರೆಗೆ ಬಂದವರನ್ನು ನೋಡುವ ಡಾಕ್ಟರಿಗೆ ಇಕ್ಕಟ್ಟು. ಮೊದಲ ಗ್ರಾಂ ಅಲ್ಲೇ ಹೋಗಿದ್ದರೆ ಎರಡನೆಯದನ್ನು ಮುಂದುವರಿಸಬೇಕು. ಹೋಗಿಲ್ಲದಿದ್ದರೆ ಈಗ ಶುರುಮಾಡಬಾರದು.

ಇದಕ್ಕೆ ಒಂದು ಸಣ್ಣ ದಾರಿ ಸಂಶೋಧನೆಯಿಂದಲೇ ತೆರೆದುಕೊಂಡಿದೆ. ಒಂದು ಗ್ರಾಮನ್ನು ಎರಡು ಪಾಲು ಮಾಡಿ ತೊಡೆಗಳ ಸ್ನಾಯುವಿಗೆ ಚುಚ್ಚಿದರೂ ಹತ್ತು-ಹದಿನೈದು ನಿಮಿಷದಲ್ಲಿ ರಕ್ತದಲ್ಲಿ ಕೆಲಸ ಮಾಡುವಷ್ಟು ಮಟ್ಟಕ್ಕೆ ಏರುತ್ತದೆಂದು ರಕ್ತ ಸೋರುತ್ತಿದ್ದ ಗಾಯಾಳುಗಳ ಮೇಲಿನ ಚಿಕ್ಕ ಅಧ್ಯಯನ 2021ರಲ್ಲಿ ತೋರಿಸಿದೆ. ಓಡುವ ಆಂಬುಲೆನ್ಸಿನಲ್ಲಿ ನರ ಹುಡುಕುವ ಪಾಡು ತಪ್ಪುತ್ತದೆ. ಚುಚ್ಚಿದ ಹೊತ್ತನ್ನು ಮಾರ್ಕರ್ ಪೆನ್ನಿನಲ್ಲಿ ರೋಗಿಯ ತೊಡೆಯ ಮೇಲೆಯೇ ಬರೆದರೂ ನಡೆದೀತು.